ಕೆಂಪು ಪೊಟ್ಯಾಷ್: ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ತೋಟ. ಕಾಫಿ, ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ಗದ್ದೆ ಇದ್ದ ಜಾಗದಲ್ಲಿ ಅಡಿಕೆ. ನಾನು ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿ ಆಮೇಲೆ ತೋಟಕ್ಕೆ ಇಳಿದವನು. ಹಾಗಾಗಿ ಗೊಬ್ಬರದ ಹೊತ್ತು ಬಂದರೆ ಸಾಕು, ನೆಂಟರು, ಅಕ್ಕಪಕ್ಕದವರು, ಸಕಲೇಶಪುರದ ಭಾವನ ಕಡೆಯವರು, ಎಲ್ಲರದೂ ಫೋನ್. ಅದರಲ್ಲಿ ಮುಕ್ಕಾಲು ಪ್ರಶ್ನೆ ಪೊಟ್ಯಾಷ್ ಬಗ್ಗೆಯೇ. ಅದೇ ಉತ್ತರ ಮತ್ತೆ ಮತ್ತೆ ಹೇಳುವ ಬದಲು ಬರೆದಿಟ್ಟೆ.

ಪೊಟ್ಯಾಷ್ ಅಂದರೆ ನಿಜವಾಗಿ ಏನು?

ಉಪ್ಪು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಇದು ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ಒಂದು ಲೋಹ. ಅದನ್ನು ಬರೀ ಲೋಹವಾಗಿ ನೀರಿಗೆ ಹಾಕಿದರೆ ಧಗ್ ಎಂದು ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಜೊತೆ ಸೇರಿ ಉಪ್ಪಾದ ಮೇಲೆ ಆ ಆರ್ಭಟ ಏನೂ ಇರುವುದಿಲ್ಲ. ಹರಳು, ವಾಸನೆ ಇಲ್ಲ, ರುಚಿ ಉಪ್ಪು ಉಪ್ಪು, ಹಿಂದೆ ಒಂಚೂರು ಕಹಿ. (ಗೊಬ್ಬರದ ಚೀಲದ್ದನ್ನು ನೆಕ್ಕಿ ನೋಡಲು ಹೋಗಬೇಡಿ, ಕಾರಣ ಮುಂದೆ ಹೇಳುತ್ತೇನೆ.) ಕರಗಿ ದ್ರವವಾಗಲು 770 ಡಿಗ್ರಿ ಸೆಲ್ಸಿಯಸ್ ಬೇಕು. ಹೊತ್ತಿ ಉರಿಯುವುದಿಲ್ಲ, ಸಿಡಿಯುವುದಿಲ್ಲ. 20 ಡಿಗ್ರಿಯ 100 ಮಿಲಿ ನೀರಿನಲ್ಲಿ ಸುಮಾರು 34 ಗ್ರಾಂ ಕರಗುತ್ತದೆ.

ಚೀಲದ ಮೇಲೆ ಮ್ಯೂರಿಯೇಟ್ ಎಂದಿದೆಯಲ್ಲ, ಅದೇನು?

ಹಳೇ ಹೆಸರು. ಲ್ಯಾಟಿನ್‌ನಲ್ಲಿ ಮ್ಯೂರಿಯಾ ಅಂದರೆ ಉಪ್ಪುನೀರು. ಕ್ಲೋರೈಡ್ ಅನ್ನುವ ಹೆಸರು ಬರುವ ಮೊದಲು ಇಂಥವನ್ನೆಲ್ಲ ಮ್ಯೂರಿಯೇಟ್ ಎನ್ನುತ್ತಿದ್ದರು. ಕೆಮಿಸ್ಟ್ರಿಯವರು ಬಿಟ್ಟರು, ಗೊಬ್ಬರದ ಅಂಗಡಿಯವರು ಬಿಡಲಿಲ್ಲ. ಎಂಓಪಿ ಎಂದರೂ ಇದೇ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದರ ಚುಟುಕು.

ಪೊಟ್ಯಾಷ್ ಅನ್ನುವುದರ ಕಥೆ ಇನ್ನೂ ಚೆನ್ನಾಗಿದೆ. ಪಾಟ್ ಅಂದರೆ ಮಡಕೆ, ಆಶ್ ಅಂದರೆ ಬೂದಿ. ಹಿಂದೆ ಯುರೋಪಿನಲ್ಲಿ ಸೌದೆ ಬೂದಿಯನ್ನು ನೀರಿಗೆ ಹಾಕಿ, ಸೋಸಿ, ಮಡಕೆಯಲ್ಲಿ ಕುದಿಸಿ ಇಂಗಿಸಿ ಇದನ್ನು ತೆಗೆಯುತ್ತಿದ್ದರು. ನಮ್ಮಜ್ಜಿ ಒಲೆ ಬೂದಿ ತಂದು ಬದನೆ ಗಿಡದ ಬುಡಕ್ಕೆ ಹಾಕುತ್ತಿದ್ದದ್ದೂ ಅದೇ ಪೊಟ್ಯಾಷ್, ಕ್ಲೋರೈಡ್ ರೂಪದಲ್ಲಿ ಅಲ್ಲ ಅಷ್ಟೇ. 1807ರಲ್ಲಿ ಹಂಫ್ರಿ ಡೇವಿ ಇಂಥ ಪೊಟ್ಯಾಷ್ ಕ್ಷಾರದೊಳಗೆ ಕರೆಂಟ್ ಹಾಯಿಸಿ ಲೋಹವನ್ನು ಬೇರೆ ಮಾಡಿದ, ಅದಕ್ಕೆ ಪೊಟ್ಯಾಸಿಯಂ ಎಂದೇ ಹೆಸರಿಟ್ಟ.

ಇದು ಎಲ್ಲಿಂದ ಬರುತ್ತದೆ? ನಮ್ಮ ದೇಶದಲ್ಲಿ ಸಿಗುವುದಿಲ್ಲವಾ?

ರಾಜಸ್ಥಾನದಲ್ಲಿ ನಿಕ್ಷೇಪ ಇದೆ. ಆದರೆ ನಾವು ಬಳಸುವುದು ಹೆಚ್ಚೂಕಡಿಮೆ ಎಲ್ಲವೂ ಹೊರಗಿನದು: ಕೆನಡಾ, ರಷ್ಯಾ, ಬೆಲಾರೂಸ್, ಇಸ್ರೇಲ್, ಜೋರ್ಡಾನ್. ಕೆನಡಾದ ಸಸ್ಕಾಚೆವಾನ್‌ನಲ್ಲಿ ಒಂದು ಕಿಲೋಮೀಟರ್ ಆಳದಲ್ಲಿ, ಕೋಟಿಗಟ್ಟಲೆ ವರ್ಷದ ಹಿಂದೆ ಒಣಗಿಹೋದ ಸಮುದ್ರದ ಉಪ್ಪು ಪದರ ಪದರವಾಗಿ ಕೂತಿದೆ, ಅದನ್ನು ಅಗೆದು ತೆಗೆಯುತ್ತಾರೆ. ಇಸ್ರೇಲ್, ಜೋರ್ಡಾನ್‌ನವರು ಮೃತ ಸಮುದ್ರದ ನೀರನ್ನು ಬಿಸಿಲಿಗೆ ಇಂಗಿಸುತ್ತಾರೆ. ಅಲ್ಲೆಲ್ಲೋ ಯುದ್ಧವಾದರೆ ಮೂಡಿಗೆರೆಯಲ್ಲಿ ಚೀಲದ ಬೆಲೆ ಏರುವುದು ಇದಕ್ಕೇ. ಯೂರಿಯಾ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದೆ. ಪೊಟ್ಯಾಷ್‌ಗೆ ಹಾಗಿಲ್ಲ. 2010ರ ಏಪ್ರಿಲ್‌ನಿಂದ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಮಾತ್ರ ಕೊಡುತ್ತಾರೆ, ಉಳಿದದ್ದು ಪೇಟೆಯ ಆಟ.

ಕೆಂಪು ಒಳ್ಳೆಯದಾ, ಬಿಳಿ ಒಳ್ಳೆಯದಾ?

ಗಿಡಕ್ಕೆ ಎರಡೂ ಒಂದೇ. ಕೆಂಪು ಬಣ್ಣ ಗಣಿಯಲ್ಲೇ ಸೇರಿಕೊಂಡಿರುವ ಕಬ್ಬಿಣದ ಆಕ್ಸೈಡ್‌ನದು, ನಮ್ಮ ಕೆಂಪು ಮಣ್ಣಿನದೂ ಅದೇ ಬಣ್ಣ. ಬಿಳಿಯದು ಇನ್ನೊಮ್ಮೆ ಕರಗಿಸಿ ಶುದ್ಧ ಮಾಡಿದ್ದು. ಡ್ರಿಪ್‌ನಲ್ಲಿ ಬಿಡುವವರು ಬಿಳಿಯದನ್ನೇ ತಗೊಳ್ಳಿ, ಕೆಂಪಿನ ಗಸಿ ಡ್ರಿಪ್ಪರ್ ಕಟ್ಟಿಸುತ್ತದೆ. ಕೈಯಲ್ಲಿ ಹಾಕುವುದಾದರೆ ಕೆಂಪು ಸಾಕು, ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ.

ಚೀಲದ ಮೇಲೆ 60 ಎಂದಿದೆ. ನೂರಕ್ಕೆ 60 ಪೊಟ್ಯಾಸಿಯಂ ಇದೆ ಎಂದಾ?

ಅಲ್ಲ. ಇದು ಎಲ್ಲರೂ ಎಡವುವ ಜಾಗ. 60 ಅನ್ನುವುದು ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ. ಚೀಲದೊಳಗೆ ಆಕ್ಸೈಡ್ ಎಂಬ ವಸ್ತುವೇ ಇಲ್ಲ, ಹಳೇ ಕಾಲದಿಂದ ಹಾಗೆ ಬರೆಯುತ್ತಾ ಬಂದಿದ್ದಾರೆ. ಅದನ್ನು 0.83ರಿಂದ ಗುಣಿಸಿದರೆ ನಿಜವಾದ ಪೊಟ್ಯಾಸಿಯಂ ಸಿಗುತ್ತದೆ. 50 ಕೆಜಿ ಚೀಲದಲ್ಲಿ ಆಕ್ಸೈಡ್ ಲೆಕ್ಕದಲ್ಲಿ 30 ಕೆಜಿ, ನಿಜಕ್ಕೂ ಇರುವುದು ಸುಮಾರು 25 ಕೆಜಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು, 22-23 ಕೆಜಿಯಷ್ಟು, ಕ್ಲೋರೈಡ್.

ಶಿಫಾರಸುಗಳೂ ಆಕ್ಸೈಡ್ ಲೆಕ್ಕದಲ್ಲೇ ಇರುತ್ತವೆ. ಹಾಗಾಗಿ ನೀವು ಮಾಡಬೇಕಾದ್ದು ಒಂದೇ, ಹೇಳಿದ ಪ್ರಮಾಣವನ್ನು 0.6ರಿಂದ ಭಾಗಿಸಿ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಎಂಬುದು ತುಂಬಾ ಹಿಂದಿನಿಂದ ಇರುವ ಶಿಫಾರಸು. 140 ಭಾಗಿಸು 0.6, ಅಂದರೆ 233 ಗ್ರಾಂ ಗೊಬ್ಬರ. ಎಕರೆಗೆ 550 ಮರ ಎಂದಿಟ್ಟುಕೊಂಡರೆ ಎರಡೂವರೆ ಚೀಲ. ಅರಸೀಕೆರೆ ಕಡೆ ತೆಂಗಿನವರಿಗೆ ಮರಕ್ಕೆ 1,200 ಗ್ರಾಂ ಎಂದು ಹೇಳುತ್ತಾರೆ, ಅದು ಎರಡು ಕೆಜಿ ಗೊಬ್ಬರ ಆಯಿತು. ಒಂದೇ ಸಲ ಅಲ್ಲ, ಕಂತಿನಲ್ಲಿ.

ಕಾಫಿಗೆ ಇಷ್ಟೇ ಎಂದು ನಾನು ಫೋನಿನಲ್ಲಿ ಹೇಳುವುದಿಲ್ಲ. ಅರೇಬಿಕಾನಾ ರೋಬಸ್ಟಾನಾ, ಎಷ್ಟು ಫಸಲು ಹಿಡಿದಿದೆ, ಮಣ್ಣಿನಲ್ಲಿ ಏನಿದೆ, ಇದರ ಮೇಲೆ ಲೆಕ್ಕ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಇದೆ. ಮೂಡಿಗೆರೆಯಲ್ಲೂ ಹಾಸನದ ಕಂದಲಿಯಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲೂ ವಿಚಾರಿಸಬಹುದು. ಪಕ್ಕದ ತೋಟದ ರೈಟರ್ (ಆಳು, ಲೆಕ್ಕ ನೋಡಿಕೊಳ್ಳುವವ) ಹೇಳಿದ ಲೆಕ್ಕ ಪಕ್ಕದ ತೋಟಕ್ಕೆ ಸರಿ.

10:26:26 ಹಾಕುತ್ತಿದ್ದೇವೆ. ಅದರ ಮೇಲೆ ಪೊಟ್ಯಾಷ್ ಬೇಕಾ?

ಆ ಮೂರು ಅಂಕಿ ನೂರಕ್ಕೆ ಎಷ್ಟು ಸಾರಜನಕ, ರಂಜಕ, ಪೊಟ್ಯಾಷ್ ಇದೆ ಎಂಬುದು. ಮೊದಲು ಇದ್ದದ್ದನ್ನು ಕಳೆಯಿರಿ. ಒಂದು ಚೀಲ 10:26:26ರಲ್ಲಿ 13 ಕೆಜಿ ಪೊಟ್ಯಾಷ್ ಈಗಾಗಲೇ ಬಂತು, ಅಂದರೆ ಸುಮಾರು 22 ಕೆಜಿ ಎಂಓಪಿಗೆ ಸಮ. 17:17:17 ಆದರೆ ಚೀಲಕ್ಕೆ ಎಂಟೂವರೆ ಕೆಜಿ. ಇದನ್ನು ಲೆಕ್ಕಕ್ಕೇ ಹಿಡಿಯದೆ ಮೇಲಿಂದ ಎಂಓಪಿ ಸುರಿಯುವವರು ಎಷ್ಟು ಜನ ಬೇಕು ನಿಮಗೆ!

ಗಿಡಕ್ಕೆ ಇದು ಮಾಡುವುದಾದರೂ ಏನು?

ಸಾರಜನಕದಿಂದ ಎಲೆ ಆಗುತ್ತದೆ, ರಂಜಕ ಬೇರಿಗೆ ಎಂದೆಲ್ಲ ಹೇಳುತ್ತಾರಲ್ಲ, ಹಾಗೆ ಪೊಟ್ಯಾಸಿಯಂ ಗಿಡದ ಯಾವ ಭಾಗವೂ ಆಗುವುದಿಲ್ಲ. ಅದು ಜೀವರಸದಲ್ಲಿ ಕರಗಿಕೊಂಡು ಓಡಾಡುತ್ತಲೇ ಇರುತ್ತದೆ. ಎಲೆಯ ಬಾಯಿಗಳನ್ನು ತೆಗೆಯುವುದು ಮುಚ್ಚುವುದು, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗೆ ಸಾಗಿಸುವುದು, ನೀರನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಮನೆಯಲ್ಲಿ ಹೆಸರಿಲ್ಲದೆ ದುಡಿಯುವವರು ಇರುತ್ತಾರಲ್ಲ, ಹಾಗೆ. ಕಡಿಮೆ ಬಿದ್ದರೆ ಕಾಫಿಯಲ್ಲಿ ಜೊಳ್ಳು ಕಾಯಿ ಜಾಸ್ತಿ, ಕಾಯಿ ಉದುರುತ್ತದೆ, ಫಸಲು ಹೊತ್ತ ರೆಕ್ಕೆ (ಅಡ್ಡ ಕೊಂಬೆ) ತುದಿಯಿಂದ ಒಣಗುತ್ತಾ ಬರುತ್ತದೆ.

ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ತುಂಬಾ ಇರುತ್ತದೆ. ಪಲ್ಪರ್ ಯಂತ್ರದಲ್ಲಿ ಸುಲಿದ ಸಿಪ್ಪೆಯನ್ನು ಗುಂಡಿಯಲ್ಲಿ ಕೊಳೆಸಿ ತೋಟಕ್ಕೇ ವಾಪಸ್ ಹಾಕಿ. ಅದನ್ನು ಹಳ್ಳಕ್ಕೆ ಬಿಟ್ಟು, ಕೆನಡಾದಿಂದ ಬಂದದ್ದನ್ನು ದುಡ್ಡು ಕೊಟ್ಟು ತರುವುದು ಯಾವ ಲೆಕ್ಕ ಹೇಳಿ.

ಹಳೆ ಎಲೆ ಅಂಚು ಸುಟ್ಟ ಹಾಗಿದೆ. ಪೊಟ್ಯಾಷ್ ಕಡಿಮೆ ಆಗಿದೆಯಾ?

ಇರಬಹುದು. ಜಾಸ್ತಿಯೂ ಆಗಿರಬಹುದು!

ತಮಾಷೆ ಅಲ್ಲ. ಕೊರತೆ ಆದಾಗ ಗಿಡ ಹಳೇ ಎಲೆಯಿಂದ ಪೊಟ್ಯಾಸಿಯಂ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ, ಹಳೇ ಎಲೆಯ ಅಂಚು ಕಂದಾಗಿ ಒಣಗುತ್ತದೆ. ಉಪ್ಪು ಜಾಸ್ತಿ ಆದಾಗ ಕ್ಲೋರೈಡ್ ಎಲೆಯ ತುದಿಗೆ, ಅಂಚಿಗೆ ಹೋಗಿ ಸೇರಿಕೊಳ್ಳುತ್ತದೆ, ಆಗಲೂ ಅಂಚೇ ಸುಡುವುದು. ನೋಡಲು ಎರಡೂ ಅಣ್ಣತಮ್ಮಂದಿರ ಹಾಗೆ. ಅಂಚು ಸುಟ್ಟಿದೆ ಎಂದು ಇನ್ನೊಂದು ಮುಷ್ಟಿ ಹಾಕಿ, ಇನ್ನೂ ಸುಟ್ಟಿತು ಎಂದು ಮತ್ತೊಂದು ಮುಷ್ಟಿ ಹಾಕಿದವರನ್ನು ನೋಡಿದ್ದೇನೆ. ಕಳೆದ ಎರಡು ವರ್ಷ ಏನೇನು ಹಾಕಿದಿರಿ ಅನ್ನುವುದನ್ನು ಮೊದಲು ನೆನಪು ಮಾಡಿಕೊಳ್ಳಿ.

ಇನ್ನೊಂದಿದೆ. ಹಳೇ ಎಲೆಯ ನರಗಳು ಹಸಿರಾಗೇ ಇದ್ದು, ಅವುಗಳ ನಡುವೆ ಹಳದಿಯಾಗಿದ್ದರೆ ಅದು ಮೆಗ್ನೀಸಿಯಂ ಕೊರತೆಯ ಲಕ್ಷಣ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಸಿಯಂ ಎಳೆದುಕೊಳ್ಳುವುದನ್ನು ತಡೆಯುತ್ತದೆ. ನಮ್ಮ ಮೆಣಸಿನ ಬಳ್ಳಿಯಲ್ಲಿ ಒಂದು ವರ್ಷ ಹೀಗೇ ಆಗಿತ್ತು, ತಪ್ಪು ನನ್ನದೇ.

ಯಾವಾಗ ಹಾಕಬೇಕು?

ಕಾಫಿಗೆ ಹೂಮಳೆಗೆ ಮೊದಲು, ಹೂ ಕಳೆದ ಮೇಲೆ ಮೇ ಹೊತ್ತಿಗೆ, ಮಳೆಗಾಲದ ನಡುವೆ ಆಗಸ್ಟ್‌ನಲ್ಲಿ, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ. ನಾಲ್ಕೂ ಆಗದಿದ್ದರೆ ಎರಡೋ ಮೂರೋ ಕಂತು ಮಾಡಿ. ಒಂದೇ ಕಂತಿನಲ್ಲಿ ಸುರಿದು ಕೈತೊಳೆದುಕೊಳ್ಳಬೇಡಿ. ನಮ್ಮ ಮಲೆನಾಡ ಮಣ್ಣು ಪೊಟ್ಯಾಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಜಾತಿಯದಲ್ಲ. ಪುನರ್ವಸು, ಪುಷ್ಯ ಮಳೆ ಜಡಿಯುವಾಗ ಹಾಕಿದರೆ ಹೇಮಾವತಿಗೋ ಭದ್ರೆಗೋ ಗೊಬ್ಬರ ಹಾಕಿದ ಹಾಗೆ. ಮಳೆ ಹೊಳವು ಕೊಟ್ಟಾಗ, ಮಣ್ಣು ತೇವ ಇರುವಾಗ, ಬುಡದ ದರಗು (ಉದುರಿದ ಒಣ ಎಲೆ) ಸರಿಸಿ, ಕಾಂಡದಿಂದ ಒಂದು ಒಂದೂವರೆ ಅಡಿ ದೂರದಲ್ಲಿ ಸುತ್ತ ಉದುರಿಸಿ, ಮಣ್ಣಿಗೆ ಬೆರೆಸಿ, ಮತ್ತೆ ದರಗು ಮುಚ್ಚಿ. ಕಾಂಡಕ್ಕೆ ತಾಗಿಸಿ ರಾಶಿ ಹಾಕಬಾರದು. ಒಣ ಮಣ್ಣಿಗೂ ಹಾಕಬಾರದು.

ಬೇರು ಸುಡುತ್ತದೆ ಎನ್ನುತ್ತಾರೆ, ಇದೇನು ಆ್ಯಸಿಡ್ಡಾ?

ಆ್ಯಸಿಡ್ ಅಲ್ಲ, ಸುಡುವುದೂ ಬೆಂಕಿಯ ಹಾಗಲ್ಲ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದಲ್ಲ, ಬೇರಿಗೂ ಅದೇ ಗತಿ. ಬೇರಿನ ಒಳಗಿಗಿಂತ ಹೊರಗೆ ಉಪ್ಪು ಜಾಸ್ತಿ ಆದರೆ ನೀರು ಹೊರಗೆ ಹೋಗುತ್ತದೆ.

ಗೊಬ್ಬರಗಳಿಗೆ ಉಪ್ಪಿನ ಸೂಚ್ಯಂಕ ಅಂತ ಒಂದು ಅಳತೆ ಇದೆ, ಸೋಡಿಯಂ ನೈಟ್ರೇಟ್ ಅನ್ನು 100 ಎಂದು ಇಟ್ಟುಕೊಂಡು ಉಳಿದವನ್ನು ಹೋಲಿಸುವುದು. ಅದರಲ್ಲಿ ಎಂಓಪಿ 116, ಪೊಟ್ಯಾಸಿಯಂ ಸಲ್ಫೇಟ್ 46. ಅದಕ್ಕೇ ಪಾಲಿಥಿನ್ ಚೀಲದ ಎಳೆ ಸಸಿಗೆ ಇದು ಬೇಡ. ಶುಂಠಿ ಗೆಡ್ಡೆ, ಆಲೂಗೆಡ್ಡೆ ಬಿತ್ತನೆ ತುಂಡುಗಳಿಗೆ ನೇರವಾಗಿ ತಾಗುವ ಹಾಗೂ ಹಾಕಬೇಡಿ. ನಡುವೆ ಮಣ್ಣು ಇರಲಿ.

ಕ್ಲೋರಿನ್ ಇದೆಯಲ್ಲ, ಎರೆಹುಳು, ಸೂಕ್ಷ್ಮಜೀವಿ ಎಲ್ಲ ಸಾಯುವುದಿಲ್ಲವಾ?

ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಿಂದ ಬರುವ ಕ್ಲೋರಿನ್ ಬೇರೆ, ಇದರ ಕ್ಲೋರೈಡ್ ಬೇರೆ. ಹೆಸರು ಒಂದೇ ಮನೆಯದು, ಗುಣ ಪೂರ್ತಿ ಬೇರೆ. ಬ್ಲೀಚಿಂಗ್ ಪೌಡರ್ ಕ್ರಿಮಿ ಕೊಲ್ಲುತ್ತದೆ. ಕ್ಲೋರೈಡ್ ನಿಮ್ಮ ಸಾರಿನಲ್ಲಿ, ಬೆವರಿನಲ್ಲಿ, ಕಣ್ಣೀರಿನಲ್ಲಿ ಇರುವಂಥದ್ದು. ಗಿಡಕ್ಕೂ ಚೂರು ಕ್ಲೋರೈಡ್ ಬೇಕೇ ಬೇಕು, ತೆಂಗಿಗಂತೂ ಅದು ಇಷ್ಟ. ಒಂದೇ ಜಾಗಕ್ಕೆ ಮುಷ್ಟಿಗಟ್ಟಲೆ ಸುರಿದರೆ ಅಲ್ಲಿರುವ ಎರೆಹುಳು ಉಪ್ಪಿಗೆ ಸಾಯುತ್ತದೆ, ಅದು ಬೇರೆ ಮಾತು. ಹರಡಿ ಹಾಕಿ ಎನ್ನುವುದು ಅದಕ್ಕೂ ಸೇರಿಯೇ.

ಹಾಗೇ ಮಣ್ಣು ಹುಳಿಯಾಗುವುದಕ್ಕೂ ಪೊಟ್ಯಾಷನ್ನು ಬೈಯುತ್ತಾರೆ. ಇದು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಹುಳಿ ಮಾಡುವುದರಲ್ಲಿ ಯೂರಿಯಾ, ಅಮೋನಿಯಂ ಗೊಬ್ಬರಗಳ ಪಾಲೇ ದೊಡ್ಡದು, ಜೊತೆಗೆ ನಮ್ಮ ಮಳೆ.

ಹಾಗಾದರೆ ಯಾವ ಬೆಳೆಗೆ ಇದು ಬೇಡ?

ಹೊಗೆಸೊಪ್ಪಿಗೆ ಬೇಡ. ಎಲೆಯಲ್ಲಿ ಕ್ಲೋರೈಡ್ ಸೇರಿದರೆ ಸರಿಯಾಗಿ ಉರಿಯುವುದಿಲ್ಲ. ಅರಕಲಗೂಡು, ರಾಮನಾಥಪುರ ಕಡೆ ವರ್ಜೀನಿಯಾ ಬೆಳೆಯುವವರಿಗೆ ಇದು ಗೊತ್ತು, ಅವರು ಸಲ್ಫೇಟ್ ತರುತ್ತಾರೆ. ಅದು ಎಸ್‌ಓಪಿ, 50 ಭಾಗ ಪೊಟ್ಯಾಷ್, ಜೊತೆಗೆ ಗಂಧಕ, ಬೆಲೆಯೂ ಜಾಸ್ತಿ.

ಹಾಸನದ ಆಲೂಗೆಡ್ಡೆಗೆ? ಬಳಸಬಹುದು, ಬಳಸುತ್ತಾರೆ. ಆದರೆ ಕ್ಲೋರೈಡ್ ಜಾಸ್ತಿಯಾದರೆ ಗೆಡ್ಡೆಯಲ್ಲಿ ನೀರಿನಂಶ ಏರಿ ಹಿಟ್ಟು ಕಡಿಮೆಯಾಗುತ್ತದೆ. ಪಲ್ಯಕ್ಕೆ ಹೋಗುವ ಗೆಡ್ಡೆಗೆ ತೊಂದರೆ ಇಲ್ಲ, ಚಿಪ್ಸ್‌ಗೆ ಕೊಡುವವರು ಯೋಚಿಸಬೇಕು.

ಯೂರಿಯಾ ಜೊತೆ ಬೆರೆಸಿಟ್ಟಿದ್ದೆ, ಪಾಯಸ ಆಗಿದೆ. ಏಕೆ?

ಈ ಪ್ರಶ್ನೆಗೆ ನನ್ನ ಸ್ವಂತ ಅನುಭವವೇ ಉತ್ತರ. ಒಂದು ಆಗಸ್ಟ್‌ನಲ್ಲಿ ಬೆಳಗ್ಗೆ ಹೊಳವಾಗಿದೆ ಎಂದು ಶೆಡ್ಡಿನ ನೆಲದ ಮೇಲೆ ಎಂಟು ಚೀಲ ಯೂರಿಯಾ, ಪೊಟ್ಯಾಷ್ ಸುರಿದು, ಗುದ್ದಲಿಯಲ್ಲಿ ಬೆರೆಸಿ, ಆಳುಗಳು ತಿಂಡಿ ಮುಗಿಸಿ ಬರಲಿ ಎಂದು ಕಾದೆ. ಅವರು ಬರುವ ಮೊದಲು ಆಶ್ಲೇಷ ಮಳೆ ಬಂತು. ನಾಲ್ಕು ದಿನ ಬಿಡಲಿಲ್ಲ. ಐದನೇ ದಿನ ನೋಡಿದರೆ ರಾಶಿ ಅರ್ಧ ಕರಗಿ ಕೆಂಪು ರಸ ಹರಿದು, ಮೂಲೆಯಲ್ಲಿದ್ದ ಪಲ್ಪರ್ ಕಾಲಿನ ತನಕ ಹೋಗಿತ್ತು. ಮೇಲಿಂದ ಒಂದು ಹನಿ ಸೋರಿಲ್ಲ. ಅಷ್ಟೂ ನೀರು ಗಾಳಿಯದು.

ಆಮೇಲೆ ಓದಿದಾಗ ಅರ್ಥವಾಯಿತು. ಪ್ರತಿ ಉಪ್ಪಿಗೂ ಒಂದು ತೇವದ ಮಿತಿ ಇದೆ, ಗಾಳಿಯ ತೇವ ಅದನ್ನು ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. 30 ಡಿಗ್ರಿಯಲ್ಲಿ ಎಂಓಪಿಯ ಮಿತಿ ಶೇಕಡ 84. ಯೂರಿಯಾದ್ದು ಸುಮಾರು 75. ಎರಡನ್ನೂ ಬೆರೆಸಿದರೆ? ನಡುವಿನ 80 ಅಲ್ಲ. ಸುಮಾರು 60ಕ್ಕೆ ಇಳಿಯುತ್ತದೆ! ಮಳೆಗಾಲದ ಮಲೆನಾಡಲ್ಲಿ 60ಕ್ಕಿಂತ ಕಡಿಮೆ ತೇವ ಇರುವ ದಿನ ತೋರಿಸಿ ನೋಡೋಣ. ಬೇರೆ ಬೇರೆ ಚೀಲದಲ್ಲಿ ಇದ್ದಾಗ ತಡೆದುಕೊಳ್ಳುವ ಎರಡು ಗೊಬ್ಬರ ಸೇರಿದ ಕೂಡಲೇ ನೀರಾಗುತ್ತವೆ.

ಹಾಗಾಗಿ ಬೆರೆಸಬಾರದು ಅಂತಲ್ಲ. ಆವತ್ತು ಹಾಕುವಷ್ಟನ್ನೇ ಆವತ್ತು ಬೆರೆಸಿ, ಮಧ್ಯಾಹ್ನದ್ದನ್ನು ಮಧ್ಯಾಹ್ನವೇ ಬೆರೆಸಿ. ಪಾಯಸ ಆದದ್ದು ಕೆಟ್ಟಿಲ್ಲ, ಪೋಷಕಾಂಶ ಅಲ್ಲೇ ಇದೆ. ಹರಡಲು ಆಗುವುದಿಲ್ಲ ಅಷ್ಟೇ. ನಾನು ಅದನ್ನು ಒಣ ಮಣ್ಣಿಗೆ ಕಲಸಿ ಅಡಿಕೆಗೆ ಹಾಕಿ ಮುಗಿಸಿದೆ.

ಸುಣ್ಣ, ಒಲೆ ಬೂದಿ ಜೊತೆ? ಎಂಓಪಿ ಒಂದೇ ಆದರೆ ಏನೂ ಆಗುವುದಿಲ್ಲ. ಯೂರಿಯಾ, ಡಿಎಪಿ (ಅಮೋನಿಯಂ ಇರುವ ರಂಜಕದ ಗೊಬ್ಬರ) ಸೇರಿದ್ದರೆ ಅಮೋನಿಯಾ ಆವಿಯಾಗಿ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಸುಣ್ಣ ಹಾಕಿ ಕೆಲವು ವಾರ ಬಿಟ್ಟು ಗೊಬ್ಬರ ಹಾಕಿ. ಬೋರ್ಡೋ ದ್ರಾವಣದ (ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ನೀರು) ಡ್ರಮ್ಮಿಗಂತೂ ಯಾವ ಗೊಬ್ಬರವನ್ನೂ ಸೇರಿಸಬೇಡಿ.

ನೀರಿಗೆ ಹಾಕಿದರೆ ಬಕೆಟ್ ತಣ್ಣಗಾಗುತ್ತದೆ. ನಕಲಿಯಾ?

ಅಲ್ಲ, ಅದು ಅದರ ಗುಣ. ಕರಗುವಾಗ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಯೂರಿಯಾವೂ ಹಾಗೆಯೇ. ತಣ್ಣಗಾದಷ್ಟೂ ಕರಗುವುದು ನಿಧಾನ, ಕೋಲು ಹಾಕಿ ತಿರುಗಿಸುತ್ತಾ ಇರಿ. ಕೋಲು ಎಂದೆ, ಕೈ ಅಲ್ಲ.

ನಕಲಿ ಪತ್ತೆ ಹಚ್ಚುವುದು ಹೇಗೆ?

ಗಾಜಿನ ಲೋಟದಲ್ಲಿ ಅರ್ಧ ನೀರು, ಒಂದು ಚಮಚ ಗೊಬ್ಬರ, ಚೆನ್ನಾಗಿ ಕದಡಿ ಬಿಡಿ. ಅಸಲಿಯಾದರೆ ಹೆಚ್ಚೂಕಡಿಮೆ ಪೂರ್ತಿ ಕರಗುತ್ತದೆ, ಒಂಚೂರು ಕೆಂಪು ಮೇಲೆ ತೇಲುತ್ತದೆ. ಇಟ್ಟಿಗೆ ಪುಡಿ, ಮರಳು ಬೆರೆಸಿದ್ದರೆ ತಳದಲ್ಲಿ ದಪ್ಪಗೆ ಕೂರುತ್ತದೆ. ಇನ್ನೊಂದು, ಹರಳಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಅಸಲಿ ಹರಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಬೆಂಕಿಗೆ ಹಾಕಿ ನೋಡಿ, ಹಳದಿ ಜ್ವಾಲೆ ಬಂದರೆ ಅಡುಗೆ ಉಪ್ಪು ಬೆರೆಸಿದ್ದಾರೆ ಎಂದು ವಾಟ್ಸ್ಯಾಪಿನಲ್ಲಿ ಬರುತ್ತದಲ್ಲ, ಅದನ್ನು ನಾನು ಅಷ್ಟು ನಂಬುವುದಿಲ್ಲ. ಪೊಟ್ಯಾಸಿಯಂ ಜ್ವಾಲೆ ತಿಳಿ ನೇರಳೆ, ನಿಜ. ಆದರೆ ಕಾನೂನಿನಂತೆಯೇ ಎಂಓಪಿಯಲ್ಲಿ ಶೇಕಡ 3.5ರ ತನಕ ಸೋಡಿಯಂ ಉಪ್ಪು ಇರಬಹುದು, ಸೋಡಿಯಂನ ಹಳದಿ ಎಷ್ಟು ಜೋರೆಂದರೆ ಚೂರಿದ್ದರೂ ನೇರಳೆಯನ್ನು ನುಂಗಿಹಾಕುತ್ತದೆ. ಅಸಲಿಯೂ ಹಳದಿ ತೋರಿಸಬಹುದು. ಅನುಮಾನ ಇದ್ದರೆ ಬಿಲ್ ಇಟ್ಟುಕೊಂಡು ಕೃಷಿ ಇಲಾಖೆಯವರಿಂದ ಸ್ಯಾಂಪಲ್ ತೆಗೆಸಿ. ಬಿಲ್ ಇಲ್ಲದೆ ತಂದಿದ್ದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ.

ಎಲ್ಲಿ, ಹೇಗೆ ಇಡಬೇಕು?

ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು, ಬಾಯಿ ಬಿಚ್ಚಿದ ಚೀಲವನ್ನು ಒಳಪದರ ಸಮೇತ ಬಿಗಿದು ಕಟ್ಟಿ. ಗಟ್ಟಿಯಾದದ್ದು ಕೆಟ್ಟದ್ದಲ್ಲ, ಕುಟ್ಟಿ ಪುಡಿ ಮಾಡಿ ಬಳಸಿ.

ದೊಡ್ಡ ತೊಂದರೆ ತುಕ್ಕು. ಉಪ್ಪು ಮತ್ತು ತೇವ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಕಳೆ ಕತ್ತರಿಸುವ ಮೆಷಿನ್, ಸ್ಪ್ರೇ ಪಂಪು, ಮೋಟರು ಇಟ್ಟ ಕೋಣೆಯಲ್ಲಿ ಇದನ್ನು ಇಡಬೇಡಿ. ಗೊಬ್ಬರ ತಂದ ಜೀಪಿನ ಟ್ರೇಲರನ್ನು ಆವತ್ತೇ ತೊಳೆಯಿರಿ. ಹಾಕಲು ಕಬ್ಬಿಣದ ಬಾಂಡ್ಲಿ ಬದಲು ಪ್ಲಾಸ್ಟಿಕ್ ಬಕೆಟ್ ಕೊಡಿ. ನನ್ನ ಪಲ್ಪರ್ ಕಾಲಿಗೆ ಆಮೇಲೆ ವೆಲ್ಡಿಂಗ್ ಮಾಡಿಸಬೇಕಾಯಿತು.

ಬಾವಿ, ಕುಡಿಯುವ ನೀರಿನ ತೊಟ್ಟಿಯ ಪಕ್ಕವೂ ಬೇಡ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು ಎಂಬುದು ನಮ್ಮ ದೇಶದ ಮಾನದಂಡ.

ಸಿಡಿಯುತ್ತದೆ ಎಂದು ಯಾರೋ ಹೇಳಿದರು...

ಅವರು ಹೇಳಿದ್ದು ಪೊಟ್ಯಾಸಿಯಂ ಕ್ಲೋರೇಟ್ ಇರಬೇಕು. ಹೆಸರಿನ ಕೊನೆಯಲ್ಲಷ್ಟೇ ವ್ಯತ್ಯಾಸ, ಪಟಾಕಿ ಮದ್ದಿಗೆ ಬಳಸುವ ಅಪಾಯದ ವಸ್ತು ಅದು. ನಿಮ್ಮ ಚೀಲದಲ್ಲಿರುವುದು ಕ್ಲೋರೈಡ್. ಇದು ತಾನೂ ಉರಿಯುವುದಿಲ್ಲ, ಬೇರೆಯದನ್ನೂ ಉರಿಸುವುದಿಲ್ಲ. ಬ್ಯಾಟರಿ ಆ್ಯಸಿಡ್ ಮಾತ್ರ ಇದರ ಮೇಲೆ ಚೆಲ್ಲಬಾರದು, ಗಂಟಲು ಕೆರೆಯುವ ಹೊಗೆ ಬರಬಹುದು.

ಕೈಯಲ್ಲಿ ಹಾಕಿದರೆ ಚರ್ಮಕ್ಕೆ ಏನಾದರೂ ಆಗುತ್ತದಾ?

ಗಾಯ ಇಲ್ಲದ ಕೈಗೆ ಅಷ್ಟೇನೂ ಇಲ್ಲ, ಒಣಗುತ್ತದೆ. ಆದರೆ ಕಾಫಿ ತೋಟದಲ್ಲಿ ಗೀರು ಗಾಯ ಇಲ್ಲದ ಕೈ ಯಾರದ್ದಿದೆ? ಗಾಯಕ್ಕೆ ಉಪ್ಪು ಬಿದ್ದ ಉರಿ. ಜಿಗಣೆ ಕಚ್ಚಿದ ಕಾಲಿಗೆ ಬಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಳುಗಳಿಗೆ ರಬ್ಬರ್ ಗ್ಲೌಸ್ ಕೊಡಿ. ಕೊಟ್ಟರೆ ಹಾಕುವುದಿಲ್ಲ ಎಂದು ದೂರುವ ಮೊದಲು, ಅಳತೆಗೆ ಸರಿಯಾದದ್ದು ಕೊಟ್ಟಿದ್ದೀರಾ ನೋಡಿ. ಚೀಲ ಸುರಿಯುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಗಾಳಿಗೆ ಬೆನ್ನು ಹಾಕಿ ನಿಲ್ಲಲಿ.

ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಅಗಲಿಸಿ 15 ನಿಮಿಷ ನೀರು ಹಾಯಿಸಿ. ಉರಿ ಹೋಗದಿದ್ದರೆ ಡಾಕ್ಟರ ಹತ್ತಿರ. ಎಲೆಅಡಿಕೆ ಹಾಕುವವರು ಕೈ ತೊಳೆದು ಹಾಕಲಿ.

ಮಗು ಬಾಯಿಗೆ ಹಾಕಿಕೊಂಡರೆ? ದನ ನೆಕ್ಕಿದರೆ?

ಒಂದೆರಡು ಹರಳು ನಾಲಿಗೆಗೆ ತಾಗಿದರೆ ಬಾಯಿ ತೊಳೆಸಿ ನೀರು ಕುಡಿಸಿ, ಸಾಕು. ಜಾಸ್ತಿ ನುಂಗಿದ್ದರೆ ಹೊಟ್ಟೆನೋವು, ವಾಂತಿ ಬರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಕಾಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಚೀಲದ ಫೋಟೋ ತೋರಿಸಿ. ನೀವೇ ಬೆರಳು ಹಾಕಿ ವಾಂತಿ ಮಾಡಿಸಬೇಡಿ.

ದನ ಉಪ್ಪಿನ ಆಸೆಗೆ ಚೀಲ ನೆಕ್ಕಲು ಬಂದೇ ಬರುತ್ತದೆ. ಅದರಲ್ಲಿ ಯೂರಿಯಾ ಬೆರೆತಿದ್ದರೆ ಅಪಾಯ ದೊಡ್ಡದು, ಹೊಟ್ಟೆಯಲ್ಲಿ ಅಮೋನಿಯಾ ಆಗಿ ಗಂಟೆಗಳಲ್ಲೇ ದನ ಬೀಳಬಹುದು. ಬೆರೆಸಿದ ಬಕೆಟ್, ತೊಳೆದ ನೀರು ಕೊಟ್ಟಿಗೆ ಹತ್ತಿರ ಇರಲೇಬಾರದು.

ಬಿಪಿಗೆ ಕಡಿಮೆ ಸೋಡಿಯಂ ಉಪ್ಪು ಬಂದಿದೆಯಲ್ಲ, ಅದರಲ್ಲೂ ಪೊಟ್ಯಾಷಾ?

ಹೌದು, ಅದೇ ಪೊಟ್ಯಾಸಿಯಂ ಕ್ಲೋರೈಡ್, ಆಹಾರಕ್ಕೆಂದು ಶುದ್ಧ ಮಾಡಿದ್ದು. ಅಡುಗೆ ಉಪ್ಪಿನ ಒಂದು ಪಾಲಿನ ಬದಲು ಅದನ್ನು ಬೆರೆಸಿರುತ್ತಾರೆ. ವಾಂತಿಭೇದಿ ಆದಾಗ ಕೊಡುವ ಓಆರ್‌ಎಸ್‌ನಲ್ಲೂ ಇದೆ, ಲೀಟರಿಗೆ 1.5 ಗ್ರಾಂ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆ ಅಡುಗೆಗೆ ಇಂಥ ಉಪ್ಪನ್ನು ಬಳಸಬಹುದು ಎಂದು ಸಲಹೆ ಕೊಟ್ಟಿತು. ಆದರೆ ಕಿಡ್ನಿ ತೊಂದರೆ ಇರುವವರನ್ನು, ಮಕ್ಕಳನ್ನು, ಗರ್ಭಿಣಿಯರನ್ನು ಬಿಟ್ಟು. ಹೆಚ್ಚಾದ ಪೊಟ್ಯಾಸಿಯಂ ಹೊರಹಾಕುವುದು ಕಿಡ್ನಿಯ ಕೆಲಸ, ಅದು ಸೋತಿದ್ದರೆ ಈ ಉಪ್ಪು ವಿಷವಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಡಾಕ್ಟರನ್ನು ಕೇಳದೆ ಮನೆಯ ಉಪ್ಪಿನ ಡಬ್ಬಿ ಬದಲಿಸಬೇಡಿ.

ಇದನ್ನು ಓದಿ ಗೊಬ್ಬರದ ಬಿಳಿ ಪೊಟ್ಯಾಷನ್ನೇ ತೊಳೆದು ಬಳಸಬಹುದಲ್ಲ ಎಂದು ಒಬ್ಬರು ಕೇಳಿದ್ದರು. ಬೇಡ ಮಾರಾಯರೇ. ಗೊಬ್ಬರಕ್ಕೆ ಗಟ್ಟಿಯಾಗದಿರಲಿ, ಧೂಳು ಏಳದಿರಲಿ ಎಂದು ಎಣ್ಣೆ, ರಾಸಾಯನಿಕ ಲೇಪಿಸಿರುತ್ತಾರೆ. ಅದು ತಿನ್ನಲು ಮಾಡಿದ್ದಲ್ಲ.

ಇದರಲ್ಲಿ ವಿಕಿರಣ ಇದೆಯಂತೆ?

ಇದೆ, ಬಾಳೆಹಣ್ಣಿನಲ್ಲೂ ಇದೆ, ನಿಮ್ಮ ಮೈಯಲ್ಲೂ ಇದೆ. ಜಗತ್ತಿನ ಎಲ್ಲ ಪೊಟ್ಯಾಸಿಯಂನಲ್ಲಿ ಶೇಕಡ 0.012ರಷ್ಟು ವಿಕಿರಣ ಸೂಸುವ ಜಾತಿಯದು. ನಿದ್ದೆ ಕೆಡಿಸಿಕೊಳ್ಳುವ ವಿಷಯ ಅಲ್ಲ.

ಖಾಲಿ ಚೀಲ ಏನು ಮಾಡಲಿ?

ಒಳಗಿನ ಪುಡಿ ಕೊಡವಿ, ನೀರು ಹಾಕಿ ಜಾಲಿಸಿ, ಆ ನೀರನ್ನು ಅಡಿಕೆ ಬುಡಕ್ಕೆ ಚೆಲ್ಲಿ. ಚೀಲವನ್ನು ಮಣ್ಣು, ಸಗಣಿ ಗೊಬ್ಬರ, ದರಗು ಹೊರಲು ಇಟ್ಟುಕೊಳ್ಳಿ. ಅಕ್ಕಿ, ಒಣಮೆಣಸಿನಕಾಯಿ, ದನದ ಹಿಂಡಿ ತುಂಬಬೇಡಿ. ಕಾಫಿ ಕುಯ್ಲಿನಲ್ಲಿ ಹಣ್ಣು ತುಂಬಲು ಇದೇ ಚೀಲ ಕೊಡುವುದು ನಮ್ಮ ಕಡೆ ಮಾಮೂಲಿ. ನಾನೂ ಕೊಡುತ್ತಿದ್ದೆ. ಒಂದು ವರ್ಷ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಸ್ಯಾಂಪಲ್ ಕುದಿಸಿ ರುಚಿ ನೋಡಿದವರು ಏನೋ ರಾಸಾಯನಿಕದ ವಾಸನೆ ಇದೆ ಎಂದು ಮುಖ ಸಿಂಡರಿಸಿ ಬೆಲೆ ಇಳಿಸಿದರು. ಆವತ್ತಿನಿಂದ ಕುಯ್ಲಿಗೆ ಬೇರೆ ಚೀಲ, ಬಾಯಿಗೆ ನೀಲಿ ದಾರ ಹೊಲಿಸಿದ್ದು.